ಕಚ್ಚಾ ತೈಲ ಬಿದ್ದ ದಿನ ಷೇರು ಏರಿದ್ದೂ ಉಂಟು, ಬಿದ್ದದ್ದೂ ಉಂಟು

1991ರ ಜನವರಿ 17ರಂದು ನ್ಯೂಯಾರ್ಕ್‌ನಲ್ಲಿ ಅಮೆರಿಕದ ಮಾನದಂಡವಾದ ಡಬ್ಲ್ಯುಟಿಐ ಕಚ್ಚಾ ತೈಲದ ಬೆಲೆ ಬ್ಯಾರೆಲ್‌ಗೆ 32 ಡಾಲರ್‌ನಿಂದ 21.44 ಡಾಲರ್‌ಗೆ ಇಳಿಯಿತು. ಒಂದೇ ದಿನದಲ್ಲಿ ಮೂರನೇ ಒಂದು ಭಾಗ ಕರಗಿತು. ಇರಾಕ್ ಸೇನೆಯನ್ನು ಕುವೈತ್‌ನಿಂದ ಹೊರದಬ್ಬಲು ವಾಯುದಾಳಿ ಶುರುವಾಗಿ ಇನ್ನೂ ಒಂದು ದಿನ ಕಳೆದಿರಲಿಲ್ಲ. ಅಂದು ಅಮೆರಿಕದ ದೊಡ್ಡ ಕಂಪನಿಗಳ ಷೇರುಗಳನ್ನು ಅಳೆಯುವ ಎಸ್ ಅಂಡ್ ಪಿ 500 ಸೂಚ್ಯಂಕ ಶೇ 3.7ರಷ್ಟು ಏರಿತು. 2020ರ ಮಾರ್ಚ್ 9ರಂದೂ ತೈಲ ಬಿತ್ತು. ಜಾಗತಿಕ ಮಾನದಂಡವಾದ ಬ್ರೆಂಟ್ ತೈಲ ಶೇ 24ರಷ್ಟು ಕುಸಿದು 34 ಡಾಲರ್ ಆಸುಪಾಸಿಗೆ ಬಂತು. ಆ ದಿನ ಅದೇ ಸೂಚ್ಯಂಕ ಶೇ 7.6ರಷ್ಟು ಬಿತ್ತು, ನಡುವೆ ವಹಿವಾಟನ್ನು 15 ನಿಮಿಷ ನಿಲ್ಲಿಸಬೇಕಾಯಿತು.

‘ತೈಲ ಏರಿದರೆ ಷೇರಿಗೆ ಕೆಡುಕು, ಇಳಿದರೆ ಒಳಿತು’ ಎಂಬ ಮಾತನ್ನೇ ನೆಚ್ಚಿಕೊಂಡವರಿಗೆ ಈ ಎರಡು ದಿನಗಳನ್ನು ಒಟ್ಟಿಗೆ ವಿವರಿಸಲು ಆಗುವುದಿಲ್ಲ. ಮೊದಲ ದಿನ ಕರಗಿದ್ದು ಭಯ. ಸೌದಿ ಅರೇಬಿಯಾದ ಬಾವಿಗಳಿಗೂ ಬೆಂಕಿ ಬೀಳಬಹುದು ಎಂಬ ಅಂಜಿಕೆಯಿಂದ ಆರು ತಿಂಗಳು ಬೆಲೆಗೆ ಅಂಟಿಕೊಂಡಿದ್ದ ಹೆಚ್ಚುವರಿ ಮೊತ್ತ ಒಂದೇ ಸಲಕ್ಕೆ ಕಳಚಿತು. ಎರಡನೇ ದಿನ ಎರಡು ಸುದ್ದಿಗಳು ಬೆರೆತಿದ್ದವು. ಮೂರು ದಿನ ಮೊದಲು ವಿಯೆನ್ನಾದಲ್ಲಿ ಉತ್ಪಾದನೆ ಕಡಿತದ ಮಾತುಕತೆ ಮುರಿದುಬಿದ್ದು ಸೌದಿ ಮತ್ತು ರಷ್ಯಾ ದರ ಸಮರಕ್ಕೆ ಇಳಿದಿದ್ದವು. ಅದರ ಜೊತೆಗೆ ಕೋವಿಡ್‌ನಿಂದ ಜಗತ್ತಿನ ಓಡಾಟವೇ ನಿಲ್ಲುವ ಸೂಚನೆ ಇತ್ತು. ಅಗ್ಗದ ತೈಲ ಸಿಗುತ್ತದೆ ಎಂಬ ಸಮಾಧಾನಕ್ಕಿಂತ ಅದನ್ನು ಕೊಳ್ಳುವವರೇ ಇರುವುದಿಲ್ಲ ಎಂಬ ಸುದ್ದಿ ದೊಡ್ಡದಾಗಿತ್ತು.

ತೈಲ ಬೆಲೆ ಷೇರುಪೇಟೆಯ ಮೇಲೆ ಹೊರಗಿನಿಂದ ಬಂದು ಬೀಳುವ ಕಲ್ಲು ಎಂದು ಭಾವಿಸಿದಲ್ಲೇ ಬಹುತೇಕ ತಪ್ಪು ಲೆಕ್ಕಗಳು ಹುಟ್ಟುತ್ತವೆ. ಷೇರುಪೇಟೆ ಓದುವ ಸುದ್ದಿಯನ್ನೇ ತೈಲದ ಪೇಟೆಯೂ ಓದುತ್ತಿರುತ್ತದೆ. ಹಾಗಾಗಿ ಎಷ್ಟು ಏರಿತು ಎಂದು ಕೇಳುವ ಮೊದಲು ಏಕೆ ಏರಿತು, ಎಷ್ಟು ದಿನ ಹಾಗೇ ನಿಲ್ಲುತ್ತದೆ ಎಂದು ಕೇಳಬೇಕು.

ಹಳೆಯ ಅಧ್ಯಯನಗಳು ಈ ಪ್ರಶ್ನೆ ಕೇಳದಿರಲು ಕಾರಣವಿತ್ತು. 1973ರ ಅಕ್ಟೋಬರ್‌ನಲ್ಲಿ ಅರಬ್ ದೇಶಗಳು ತೈಲ ನಿರ್ಬಂಧ ಹೇರಿದಾಗ ಬ್ಯಾರೆಲ್‌ಗೆ 3 ಡಾಲರ್ ಸುತ್ತಮುತ್ತ ಇದ್ದ ಬೆಲೆ 1974ರ ಆರಂಭಕ್ಕೆ 12 ಡಾಲರ್ ಸಮೀಪಿಸಿತು. 1979ರಲ್ಲಿ ಇರಾನ್ ಕ್ರಾಂತಿ, 1990ರಲ್ಲಿ ಕುವೈತ್. ಪ್ರತಿ ಸಲವೂ ಪೂರೈಕೆಯ ಕಡೆಯಿಂದಲೇ ಪೆಟ್ಟು ಬಿದ್ದಂತೆ ಕಾಣುತ್ತಿತ್ತು. ಅರ್ಥಶಾಸ್ತ್ರಜ್ಞ ಜೇಮ್ಸ್ ಹ್ಯಾಮಿಲ್ಟನ್ 1983ರಲ್ಲಿ ತೋರಿಸಿದ್ದು ಪ್ರಸಿದ್ಧ: ಎರಡನೇ ಮಹಾಯುದ್ಧದ ನಂತರ ಅಲ್ಲಿಯವರೆಗೆ ಅಮೆರಿಕ ಕಂಡ ಆರ್ಥಿಕ ಹಿಂಜರಿತಗಳಲ್ಲಿ ಒಂದನ್ನು ಬಿಟ್ಟು ಉಳಿದೆಲ್ಲದರ ಮುಂಚೆ ತೈಲ ಬೆಲೆ ಏರಿತ್ತು. ಆಮೇಲೆ 2003ರಿಂದ 2007ರವರೆಗಿನ ವರ್ಷಗಳು ಬಂದವು. ತೈಲವೂ ಏರಿತು, ಜಗತ್ತಿನ ಷೇರುಪೇಟೆಗಳೂ ಏರಿದವು. ಚೀನಾ ಮತ್ತಿತರ ದೇಶಗಳ ಕಾರ್ಖಾನೆಗಳು ಎಡೆಬಿಡದೆ ಓಡುತ್ತಿದ್ದವು. ಅದೇ ಓಟ ಕಂಪನಿಗಳ ಲಾಭವನ್ನೂ ತೈಲದ ಬೇಡಿಕೆಯನ್ನೂ ಒಟ್ಟಿಗೆ ಎತ್ತುತ್ತಿತ್ತು.

2009ರಲ್ಲಿ ಅರ್ಥಶಾಸ್ತ್ರಜ್ಞ ಲುಟ್ಜ್ ಕಿಲಿಯನ್ ಈ ಗೊಂದಲವನ್ನು ಬಿಡಿಸಿದ ರೀತಿ ಇಂದಿಗೂ ಈ ಕ್ಷೇತ್ರದ ಅಡಿಪಾಯ. ಅವರು ತೈಲದ ಹೊಡೆತವನ್ನು ಮೂರಾಗಿ ಸೀಳಿದರು. ಒಂದು, ಬಾವಿಯಿಂದ ಹೊರಬರುವ ತೈಲ ಕಡಿಮೆಯಾಗುವುದು. ಎರಡು, ಜಗತ್ತಿನ ಒಟ್ಟು ಆರ್ಥಿಕ ಚಟುವಟಿಕೆ ಹೆಚ್ಚಿ ಎಲ್ಲ ಸರಕುಗಳ ಜೊತೆ ತೈಲಕ್ಕೂ ಬೇಡಿಕೆ ಏರುವುದು. ಮೂರು, ಮುಂದೆ ಸಿಗದೇ ಹೋದೀತು ಎಂಬ ಅಂಜಿಕೆಯಿಂದ ಈಗಲೇ ಕೊಂಡು ತುಂಬಿಸಿಕೊಳ್ಳುವ ಮುಂಜಾಗ್ರತೆಯ ಬೇಡಿಕೆ. ಅದೇ ವರ್ಷ ಕಿಲಿಯನ್ ಮತ್ತು ಪಾರ್ಕ್ ಇದನ್ನು ಅಮೆರಿಕದ ಷೇರು ಪ್ರತಿಫಲಕ್ಕೆ ಜೋಡಿಸಿದರು. ಮುಂಜಾಗ್ರತೆಯ ಬೇಡಿಕೆಯಿಂದ ತೈಲ ಏರಿದರೆ ಷೇರುಗಳು ಬೀಳುತ್ತವೆ, ಬಿದ್ದು ಬಹಳ ದಿನ ಏಳುವುದಿಲ್ಲ. ಜಾಗತಿಕ ಬೇಡಿಕೆಯಿಂದ ಏರಿದರೆ ಮೊದಲ ಹಲವು ತಿಂಗಳು ಷೇರುಗಳೂ ಏರುತ್ತವೆ. ದುಬಾರಿ ಇಂಧನದ ಪೆಟ್ಟು ತಾಗುವುದು ಆಮೇಲೆ. ನಿಜವಾದ ಉತ್ಪಾದನೆಯ ಕಡಿತಕ್ಕೆ ಷೇರುಪೇಟೆ ತೋರುವ ಪ್ರತಿಕ್ರಿಯೆ ಅತ್ಯಲ್ಪ. ಎಲ್ಲರೂ ಹೆದರುವುದು ಮೊದಲನೆಯದಕ್ಕೆ, ಪೆಟ್ಟು ಕೊಡುವುದು ಮೂರನೆಯದು. ದೀರ್ಘಾವಧಿಯಲ್ಲಿ ಅಮೆರಿಕದ ನೈಜ ಷೇರು ಪ್ರತಿಫಲದ ಏರಿಳಿತದಲ್ಲಿ ಸುಮಾರು ಶೇ 22ರಷ್ಟನ್ನು ಈ ಹೊಡೆತಗಳು ಒಟ್ಟಾಗಿ ವಿವರಿಸುತ್ತವೆ ಎಂಬುದು ಅವರ ಲೆಕ್ಕ.

ಬೇಡಿಕೆಯನ್ನು ಅಳೆಯಲು ಅವರು ಬಳಸಿದ್ದು ಒಣ ಸರಕು ಹಡಗುಗಳ ಬಾಡಿಗೆ ದರ. ಕಬ್ಬಿಣದ ಅದಿರು, ಕಲ್ಲಿದ್ದಲು, ಧಾನ್ಯ ಸಾಗಿಸುವ ಹಡಗುಗಳಿಗೆ ಬಾಡಿಗೆ ಏರಿದರೆ ಜಗತ್ತು ದುಡಿಯುತ್ತಿದೆ ಎಂದರ್ಥ. ಯೋಚನೆ ಸೊಗಸಾಗಿದೆ, ಆದರೆ ಹಡಗುಗಳೇ ವಿಪರೀತ ಹೆಚ್ಚಾದರೂ ಬಾಡಿಗೆ ಬೀಳುತ್ತದೆ. 2008ಕ್ಕೆ ಮೊದಲು ಆರ್ಡರ್ ಕೊಟ್ಟ ಹಡಗುಗಳು ಆಮೇಲೆ ನೀರಿಗಿಳಿದಾಗ ಆದದ್ದು ಅದೇ. ಇನ್ನೊಂದು ತೊಡಕನ್ನು ಹ್ಯಾಮಿಲ್ಟನ್ 2018ರಲ್ಲಿ ಪತ್ತೆ ಹಚ್ಚಿದರು: ಆ ಬಾಡಿಗೆ ದರದ ಸೂಚಿಯ ಲೆಕ್ಕದಲ್ಲಿ ಲಾಗರಿದಮ್ ಎರಡು ಬಾರಿ ಬಿದ್ದಿತ್ತು. ಕಿಲಿಯನ್ 2019ರಲ್ಲಿ ತಿದ್ದಿದರು. ಹಳೆಯ ಕಡತದಲ್ಲಿರುವ ಸೂಚಿಯನ್ನು ಹಾಗೇ ಎತ್ತಿಕೊಂಡು ಇಂದು ಲೆಕ್ಕ ಶುರು ಮಾಡುವವರು ತಮ್ಮ ಕೈಲಿರುವುದು ತಿದ್ದುವ ಮೊದಲಿನದೋ ನಂತರದ್ದೋ ನೋಡಿಕೊಳ್ಳಲೇಬೇಕು.

ತಿಂಗಳ ಲೆಕ್ಕಕ್ಕೆ ಕಾಯಲಾಗದವರಿಗೆ ಈ ವಿಂಗಡಣೆ ಮಾಡಲು ಸರಳ ದಾರಿಯೊಂದಿದೆ. ಹ್ಯಾಮಿಲ್ಟನ್ ಅದನ್ನು ಮುಂದಿಟ್ಟರು. ಅಮೆರಿಕದ ಕೇಂದ್ರ ಬ್ಯಾಂಕ್ ಫೆಡರಲ್ ರಿಸರ್ವ್‌ನ ಅಧ್ಯಕ್ಷರಾಗಿದ್ದ ಬೆನ್ ಬರ್ನಾಂಕಿ 2016ರಲ್ಲಿ ಬಳಸಿ ತೋರಿಸಿದರು. ತೈಲದ ಬೆಲೆಯಲ್ಲಿನ ವಾರದ ಬದಲಾವಣೆಯನ್ನು ಮೂರು ಸಂಗತಿಗಳ ಬದಲಾವಣೆಯ ಮೇಲೆ ರಿಗ್ರೆಶನ್ ಮಾಡಿ, ಅಂದರೆ ಅವು ಮೂರೂ ಅದನ್ನು ಎಷ್ಟು ವಿವರಿಸುತ್ತವೆ ಎಂದು ಲೆಕ್ಕ ಹಾಕಿ: ತಾಮ್ರದ ಬೆಲೆ, ಡಾಲರ್ ಸೂಚ್ಯಂಕ, ಅಮೆರಿಕದ ಹತ್ತು ವರ್ಷದ ಸರ್ಕಾರಿ ಬಾಂಡ್‌ನ ಇಳುವರಿ. ಬೆಲೆಗಳಿಗೆ ಲಾಗ್ (ಲಾಗರಿದಮ್) ವ್ಯತ್ಯಾಸ ತೆಗೆದುಕೊಳ್ಳಿ, ಇಳುವರಿಗೆ ಬರೀ ವ್ಯತ್ಯಾಸ ಸಾಕು. ಸಮೀಕರಣ ವಿವರಿಸುವ ಭಾಗವೇ ಬೇಡಿಕೆ. ಉಳಿಕೆ ಎಂದರೆ ಪೂರೈಕೆ ಮತ್ತು ತೈಲಕ್ಕಷ್ಟೇ ಸೇರಿದ ಸುದ್ದಿ. ತೈಲ ರಫ್ತು ದೇಶಗಳ ಕೂಟವಾದ ಒಪೆಕ್‌ನ ಸಭೆಗೂ ತಾಮ್ರದ ಗಣಿಗೂ ಸಂಬಂಧವಿಲ್ಲ. ತೈಲದ ಜೊತೆ ತಾಮ್ರವೂ ಬೀಳುತ್ತಿದ್ದರೆ ಸುದ್ದಿ ಬಾವಿಯದ್ದಲ್ಲ, ಜಗತ್ತಿನ ಆರ್ಥಿಕತೆಯದ್ದು. ಒಂದೆರಡು ವರ್ಷದ ವಾರದ ಅಂಕಿಗಳಿದ್ದರೆ ಸ್ಪ್ರೆಡ್‌ಶೀಟ್‌ನಲ್ಲೇ ಈ ಕೆಲಸ ಮುಗಿಯುತ್ತದೆ. ರಾಬರ್ಟ್ ರೆಡಿ 2018ರಲ್ಲಿ ತೈಲ ಉತ್ಪಾದಕ ಕಂಪನಿಗಳ ಷೇರು ಸೂಚ್ಯಂಕವನ್ನೂ ಅಂಜಿಕೆಯನ್ನು ಅಳೆಯುವ ವಿಕ್ಸ್ ಸೂಚ್ಯಂಕವನ್ನೂ ಬಳಸಿ ಇದೇ ವಿಂಗಡಣೆ ಮಾಡಿದರು. ದಿನದ ಲೆಕ್ಕಕ್ಕೂ ಅದು ಒಗ್ಗುತ್ತದೆ. ಆದರೆ ಷೇರುಗಳ ನಡೆಯನ್ನು ಷೇರುಗಳಿಂದಲೇ ವಿವರಿಸುವ ಆ ದಾರಿ ನನಗೆ ಅಷ್ಟು ಒಪ್ಪಿಗೆಯಾಗುವುದಿಲ್ಲ. ತಾಮ್ರದ ದಾರಿ ಒರಟಾದರೂ ಸ್ವಚ್ಛ.

ಇನ್ನು ಎರಡನೇ ಪ್ರಶ್ನೆ, ಎಷ್ಟು ದಿನ. ಇದಕ್ಕೆ ಒಂದು ಕಂಪನಿಯ ಲೆಕ್ಕ ಬಿಡಿಸಿ ನೋಡೋಣ. ವಿಮಾನಯಾನ ಕಂಪನಿಯೊಂದರ ವರ್ಷದ ಆದಾಯ 100, ಖರ್ಚು 90, ಆ ಖರ್ಚಿನಲ್ಲಿ ಇಂಧನದ ಪಾಲು ಶೇ 30, ಅಂದರೆ 27 ಎನ್ನಿ. ಲಾಭ 10. ಇಂಧನ ಶೇ 20ರಷ್ಟು ದುಬಾರಿಯಾದರೆ ಖರ್ಚು 5.4 ಹೆಚ್ಚುತ್ತದೆ. ಟಿಕೆಟ್ ದರ ಏರಿಸಲಾಗದಿದ್ದರೆ ಲಾಭ 4.6ಕ್ಕೆ ಇಳಿಯುತ್ತದೆ. ಇಂಧನದ ಶೇ 20 ಏರಿಕೆ ಲಾಭದ ಅರ್ಧಕ್ಕಿಂತ ಹೆಚ್ಚನ್ನು ನುಂಗಿತು. ಅರ್ಧದಷ್ಟು ಇಂಧನವನ್ನು ಮೊದಲೇ ಹೆಡ್ಜ್ ಮಾಡಿದ್ದರೆ, ಅಂದರೆ ಹಳೆಯ ಬೆಲೆಗೇ ಕಟ್ಟಿಹಾಕಿದ್ದರೆ, ಲಾಭ 7.3ರಲ್ಲಿ ನಿಲ್ಲುತ್ತಿತ್ತು.

ಷೇರಿನ ಬೆಲೆಯೂ ಅರ್ಧಕ್ಕೆ ಇಳಿಯಬೇಕೇ? ವರ್ಷಕ್ಕೆ ಶೇ 4ರಷ್ಟು ಬೆಳೆಯುವ 10ರ ಲಾಭವನ್ನು ಶೇ 9ರ ದರದಲ್ಲಿ ಇಂದಿನ ಮೌಲ್ಯಕ್ಕೆ ಇಳಿಸಿದರೆ 200 ಬರುತ್ತದೆ. ಇಂಧನದ ದುಬಾರಿ ಒಂದೇ ವರ್ಷದ್ದಾದರೆ ಕಳೆಯಬೇಕಾದದ್ದು 5.4ರ ಇಂದಿನ ಮೌಲ್ಯ, ಸುಮಾರು 5. ಅಂದರೆ ಷೇರು ಇಳಿಯಬೇಕಾದದ್ದು ಶೇ 2.5. ದುಬಾರಿ ಶಾಶ್ವತವಾಗಿ ಉಳಿದು, ಟಿಕೆಟ್ ದರವೂ ಎಂದಿಗೂ ಏರದಿದ್ದರೆ ಮಾತ್ರ ಮೌಲ್ಯ 92ಕ್ಕೆ ಬರುತ್ತದೆ. ಈಗ ಇಂಧನವನ್ನು ಹಾಗೇ ಬಿಟ್ಟು ಬಡ್ಡಿಯನ್ನು ಮುಟ್ಟೋಣ. ತೈಲದಿಂದ ಹಣದುಬ್ಬರ ಏರೀತೆಂದು ದರ ಶೇ 9ರಿಂದ ಶೇ 9.5 ಆಯಿತು ಅಂದುಕೊಳ್ಳಿ. ಮೌಲ್ಯ 200ರಿಂದ 181.8ಕ್ಕೆ ಇಳಿಯುತ್ತದೆ, ಶೇ 9ರ ನಷ್ಟ. ಒಂದು ವರ್ಷದ ದುಬಾರಿ ಇಂಧನಕ್ಕಿಂತ ಅರ್ಧ ಶೇಕಡಾ ಬಡ್ಡಿಯೇ ಮೂರೂವರೆ ಪಟ್ಟು ಹೆಚ್ಚು ಕಿತ್ತುಕೊಂಡಿತು! ಅದೂ ಬರೀ ವಿಮಾನಯಾನದ ಷೇರಿನಿಂದಲ್ಲ, ಒಂದು ಹನಿ ಇಂಧನ ಸುಡದ ಸಾಫ್ಟ್‌ವೇರ್ ಕಂಪನಿಯ ಷೇರಿನಿಂದಲೂ.

ಆದ್ದರಿಂದ ತೈಲದ ಹೊಡೆತದ ದಿನ ಬಾಂಡ್ ಇಳುವರಿಯನ್ನು ನೋಡದೆ ಷೇರುಪೇಟೆಯನ್ನು ಓದಲು ಹೋಗಬಾರದು. ಬರ್ನಾಂಕಿ, ಗರ್ಟ್ಲರ್ ಮತ್ತು ವಾಟ್ಸನ್ 1997ರಲ್ಲಿ ವಾದಿಸಿದ್ದು ಇದನ್ನೇ: ತೈಲದ ಹೊಡೆತಗಳಿಂದ ಆಯಿತೆನ್ನುವ ಹಾನಿಯಲ್ಲಿ ದೊಡ್ಡ ಪಾಲು ಅದಕ್ಕೆ ಪ್ರತಿಯಾಗಿ ಕೇಂದ್ರ ಬ್ಯಾಂಕ್ ಬಡ್ಡಿ ಏರಿಸಿದ್ದರಿಂದ ಬಂದದ್ದು. ಹ್ಯಾಮಿಲ್ಟನ್ ಮತ್ತು ಹೆರೆರಾ ಇದನ್ನು ಒಪ್ಪಲಿಲ್ಲ, ಚರ್ಚೆ ಮುಗಿದಿಲ್ಲ. ಆದರೂ 2008ರ ಜುಲೈ ಮರೆಯುವಂಥದ್ದಲ್ಲ. ಆ ತಿಂಗಳ 3ರಂದು ಯುರೋಪಿಯನ್ ಸೆಂಟ್ರಲ್ ಬ್ಯಾಂಕ್ ಬಡ್ಡಿಯನ್ನು ಶೇ 4.25ಕ್ಕೆ ಏರಿಸಿತು. 11ರಂದು ಡಬ್ಲ್ಯುಟಿಐ 147 ಡಾಲರ್ ಮುಟ್ಟಿತು. ಅಕ್ಟೋಬರ್ ಹೊತ್ತಿಗೆ ಅದೇ ಬ್ಯಾಂಕ್ ಇತರ ಕೇಂದ್ರ ಬ್ಯಾಂಕ್‌ಗಳ ಜೊತೆ ಸೇರಿ ಬಡ್ಡಿ ಇಳಿಸುತ್ತಿತ್ತು. ಬೆಲೆಯ ತುದಿಯಲ್ಲಿ ನಿಂತು ಹಣದುಬ್ಬರಕ್ಕೆ ಮದ್ದು ಕೊಟ್ಟರೆ ಅದು ಕೆಲಸ ಮಾಡುವ ಹೊತ್ತಿಗೆ ರೋಗವೇ ಬದಲಾಗಿರುತ್ತದೆ.

ಎಷ್ಟು ದಿನ ಎಂಬುದಕ್ಕೆ ಪೇಟೆಯೇ ಒಂದು ಉತ್ತರ ಇಟ್ಟಿರುತ್ತದೆ. ಮುಂದೊಂದು ದಿನ ಕೊಡುವ ತೈಲಕ್ಕೆ ಇಂದೇ ಬೆಲೆ ಕಟ್ಟುವ ಫ್ಯೂಚರ್ಸ್‌ನಲ್ಲಿ ಮುಂದಿನ ತಿಂಗಳ ಕಂಟ್ರಾಕ್ಟ್ ಎಷ್ಟಿದೆ, ಎರಡು ವರ್ಷ ಆಚೆಯದು ಎಷ್ಟಿದೆ ನೋಡಿ. ಹತ್ತಿರದ್ದು ಜಿಗಿದು ದೂರದ್ದು ಕದಲದಿದ್ದರೆ ಇದು ತಾತ್ಕಾಲಿಕ ಕೊರತೆ ಎಂದು ಪೇಟೆ ಭಾವಿಸಿದೆ. ಎರಡೂ ಸಮನಾಗಿ ಏರಿದರೆ ಕಂಪನಿಗಳ ಹಲವು ವರ್ಷಗಳ ಲಾಭಕ್ಕೇ ಪೆಟ್ಟು ಎಂದು ಲೆಕ್ಕ ಹಾಕಬೇಕು. 2019ರ ಸೆಪ್ಟೆಂಬರ್ 14, ಶನಿವಾರ. ಸೌದಿಯ ಅಬ್ಕೈಕ್ ಸಂಸ್ಕರಣಾ ಘಟಕದ ಮೇಲೆ ದಾಳಿ ನಡೆದು ದಿನಕ್ಕೆ 57 ಲಕ್ಷ ಬ್ಯಾರೆಲ್ ಉತ್ಪಾದನೆ ನಿಂತಿತು, ಜಗತ್ತಿನ ಪೂರೈಕೆಯ ಸುಮಾರು ಶೇ 5. ಸೋಮವಾರ ಬ್ರೆಂಟ್ ಶೇ 14ಕ್ಕೂ ಹೆಚ್ಚು ಏರಿತು, ಆದರೆ ದೂರದ ಕಂಟ್ರಾಕ್ಟ್‌ಗಳು ಅಷ್ಟು ಕದಲಲಿಲ್ಲ. ಎಸ್ ಅಂಡ್ ಪಿ 500 ಇಳಿದದ್ದು ಶೇ 0.3 ಮಾತ್ರ. ತಿಂಗಳ ಕೊನೆಗೆ ಬ್ರೆಂಟ್ ದಾಳಿಯ ಮೊದಲಿದ್ದ 60 ಡಾಲರ್ ಆಸುಪಾಸಿಗೆ ಮರಳಿತ್ತು.

ಏರಿಕೆಯೂ ಇಳಿಕೆಯೂ ಒಂದೇ ತೂಕದವಲ್ಲ. 1986ರಲ್ಲಿ ತೈಲ ಅರ್ಧಕ್ಕಿಂತ ಕೆಳಗೆ ಬಿದ್ದಾಗ ನಿರೀಕ್ಷಿಸಿದಷ್ಟು ಆರ್ಥಿಕ ಹುರುಪು ಬರಲಿಲ್ಲ. ಅಲ್ಲಿಂದ ಹ್ಯಾಮಿಲ್ಟನ್ ‘ನಿವ್ವಳ ಏರಿಕೆ’ಯ ಅಳತೆಗೆ ಬಂದರು. ಈಗಿನ ಬೆಲೆಯನ್ನು ಹಿಂದಿನ ಒಂದು ವರ್ಷದ ಗರಿಷ್ಠ ಬೆಲೆಗೆ ಹೋಲಿಸಬೇಕು. ಮೀರಿದ್ದರೆ ಮೀರಿದಷ್ಟನ್ನು ಲೆಕ್ಕಕ್ಕೆ ಹಿಡಿಯಬೇಕು, ಇಲ್ಲದಿದ್ದರೆ ಸೊನ್ನೆ. ಬೆಲೆ 60ರಿಂದ 40ಕ್ಕೆ ಇಳಿದು ಮತ್ತೆ 55ಕ್ಕೆ ಬಂದರೆ ಸಾಮಾನ್ಯ ಲೆಕ್ಕದಲ್ಲಿ ಶೇ 37.5ರ ಏರಿಕೆ, ಈ ಅಳತೆಯಲ್ಲಿ ಏನೂ ಇಲ್ಲ. ಜನ ಮತ್ತು ಕಂಪನಿಗಳು ಕಂಡರಿಯದ ಬೆಲೆ ಬಂದಾಗಲೇ ನಡವಳಿಕೆ ಬದಲಿಸುತ್ತಾರೆ ಎಂಬುದು ಇದರ ಹಿಂದಿನ ತಿಳಿವಳಿಕೆ. ಇಳಿಕೆಯ ವಿಷಯದಲ್ಲಿ ಇನ್ನೊಂದು ಎಚ್ಚರಿಕೆ: 2014ರ ಜೂನ್‌ನಲ್ಲಿ 115 ಡಾಲರ್ ಇದ್ದ ಬ್ರೆಂಟ್ 2016ರ ಜನವರಿಯಲ್ಲಿ 30ಕ್ಕಿಂತ ಕೆಳಗಿಳಿದಾಗ ಅಗ್ಗದ ತೈಲದಿಂದ ಷೇರುಗಳು ಹಿಗ್ಗಲಿಲ್ಲ. ಸಾಲ ಮಾಡಿ ಬಾವಿ ತೋಡಿದ್ದ, ಬಂಡೆ ಪದರ ಒಡೆದು ತೈಲ ತೆಗೆಯುವ ಅಮೆರಿಕದ ಶೇಲ್ ಕಂಪನಿಗಳ ಬಾಂಡ್‌ಗಳು ಕುಸಿದವು, ಅವಕ್ಕೆ ಸಾಲ ಕೊಟ್ಟವರ ಮೇಲೆ ಅನುಮಾನ ಎದ್ದಿತು.

ವಲಯಗಳ ವಿಷಯದಲ್ಲಿ ಎಲ್ಲರಿಗೂ ಗೊತ್ತಿರುವುದನ್ನು ಬೇಗ ದಾಟುತ್ತೇನೆ. ಬಾವಿ ಇರುವ ಕಂಪನಿಗೆ ಏರಿಕೆ ಲಾಭ, ವಿಮಾನ, ಬಣ್ಣ, ಟೈರ್, ಪ್ಲಾಸ್ಟಿಕ್ ಕಂಪನಿಗಳಿಗೆ ನಷ್ಟ. ಎಡವುವುದು ಸಂಸ್ಕರಣಾಗಾರಗಳಲ್ಲಿ. ತೈಲ ಶುದ್ಧೀಕರಿಸುವ ಕಂಪನಿಗೆ ತೈಲ ಬೆಲೆಯೇ ಲಾಭವಲ್ಲ. ಕಚ್ಚಾ ತೈಲಕ್ಕೂ ಅದರಿಂದ ಬರುವ ಇಂಧನಕ್ಕೂ ನಡುವಿನ ಅಂತರ ಲಾಭ. ಮೂರು ಬ್ಯಾರೆಲ್ ಕಚ್ಚಾ ತೈಲದಿಂದ ಎರಡು ಬ್ಯಾರೆಲ್ ಪೆಟ್ರೋಲ್, ಒಂದು ಬ್ಯಾರೆಲ್ ಡೀಸೆಲ್ ಎಂಬುದು ರೂಢಿಯ ಲೆಕ್ಕ. ಕಚ್ಚಾ ತೈಲ 80, ಪೆಟ್ರೋಲ್ 100, ಡೀಸೆಲ್ 110 ಡಾಲರ್ ಆದರೆ 310ರಲ್ಲಿ 240 ಕಳೆದು ಮೂರರಿಂದ ಭಾಗಿಸಿ, ಬ್ಯಾರೆಲ್‌ಗೆ 23.3 ಡಾಲರ್. ಕಚ್ಚಾ ತೈಲ 100ಕ್ಕೆ ಏರಿ ಉಳಿದವೂ ಅಷ್ಟೇ ಏರಿದರೆ ಈ ಅಂತರ ಬದಲಾಗುವುದಿಲ್ಲ. ಜೊತೆಗೆ ದಾಸ್ತಾನಿನ ಆಟ ಬೇರೆ. 10 ಲಕ್ಷ ಬ್ಯಾರೆಲ್‌ಗಳನ್ನು 70 ಡಾಲರ್‌ಗೆ ಕೊಂಡಿಟ್ಟ ಕಂಪನಿಗೆ ಬೆಲೆ 60 ಆದಾಗ ಒಂದು ಕೋಟಿ ಡಾಲರ್ ನಷ್ಟ ಪುಸ್ತಕದಲ್ಲಿ ಕಾಣುತ್ತದೆ. ತ್ರೈಮಾಸಿಕ ಲಾಭ ನೋಡುವಾಗ ಇದನ್ನು ಬೇರ್ಪಡಿಸದೆ ಹೊಗಳಿದರೂ ತಪ್ಪು, ತೆಗಳಿದರೂ ತಪ್ಪು.

ಷೇರಿಗೆ ತೈಲ ಎಷ್ಟು ತಾಗುತ್ತದೆ ಎಂದು ಅಳೆಯಲು ಸಾಮಾನ್ಯವಾಗಿ ಷೇರಿನ ಪ್ರತಿಫಲವನ್ನು ಸೂಚ್ಯಂಕದ ಪ್ರತಿಫಲ ಮತ್ತು ತೈಲದ ಬದಲಾವಣೆ ಎರಡರ ಮೇಲೂ ರಿಗ್ರೆಶನ್ ಮಾಡುತ್ತಾರೆ. ಅಲ್ಲಿ ತೈಲದ ಗುಣಾಂಕ ಹೇಳುವುದು ಸೂಚ್ಯಂಕಕ್ಕಿಂತ ಎಷ್ಟು ಹೆಚ್ಚು ಅಥವಾ ಕಡಿಮೆ ಎಂಬುದನ್ನಷ್ಟೇ. ತೈಲದಿಂದ ಇಡೀ ಸೂಚ್ಯಂಕವೇ ಬಿದ್ದಿದ್ದರೆ ಆ ಪೆಟ್ಟು ಸೂಚ್ಯಂಕದ ಗುಣಾಂಕದೊಳಗೆ ಅಡಗಿ ಕೂತಿರುತ್ತದೆ. ಸೂಚ್ಯಂಕವಿಲ್ಲದೆ ಒಮ್ಮೆ, ಇಟ್ಟುಕೊಂಡು ಒಮ್ಮೆ ಲೆಕ್ಕ ಹಾಕಿ ಎರಡನ್ನೂ ಪಕ್ಕಪಕ್ಕ ನೋಡುವುದು ಒಳ್ಳೆಯದು. 2008ರ ಬಿಕ್ಕಟ್ಟಿನ ನಂತರ ಹಲವು ವರ್ಷ ತೈಲ ಮತ್ತು ಷೇರುಗಳು ಒಟ್ಟಿಗೇ ಏರಿಳಿದವು. ಆ ತಿರುವಿನ ಎರಡೂ ಬದಿಯ ಅಂಕಿಗಳನ್ನು ಒಂದೇ ಬುಟ್ಟಿಗೆ ಹಾಕಿದರೆ ಗುಣಾಂಕ ಸೊನ್ನೆಯ ಹತ್ತಿರ ಬಂದು, ತೈಲಕ್ಕೂ ಷೇರಿಗೂ ನಂಟೇ ಇಲ್ಲ ಎಂಬ ಸುಳ್ಳು ತೀರ್ಮಾನ ಹುಟ್ಟುತ್ತದೆ.

ಅಂಕಿಗಳಲ್ಲೇ ಅಡಗಿರುವ ಬಲೆಗಳು ಇನ್ನೂ ಅಪಾಯಕಾರಿ. ತೈಲದ ತಿಂಗಳ ಬೆಲೆ ಎಂದು ಅಮೆರಿಕದ ಇಂಧನ ಮಾಹಿತಿ ಆಡಳಿತ ಕೊಡುವುದು ಆ ತಿಂಗಳ ದಿನಗಳ ಸರಾಸರಿ. ಷೇರು ಸೂಚ್ಯಂಕವನ್ನು ನಾವು ಹಿಡಿಯುವುದು ತಿಂಗಳ ಕೊನೆಯ ದಿನದ್ದು. ಯಾವ ನಂಟೂ ಇಲ್ಲದೆ ಅಡ್ಡಾದಿಡ್ಡಿ ನಡೆಯುವ ಸರಣಿಯ ಸರಾಸರಿಗಳ ವ್ಯತ್ಯಾಸ ತೆಗೆದರೂ ಒಂದು ತಿಂಗಳಿಗೂ ಮುಂದಿನದಕ್ಕೂ ಸುಮಾರು 0.25ರ ಸಹಸಂಬಂಧ ತಾನಾಗಿ ಹುಟ್ಟುತ್ತದೆ ಎಂದು ಹಾಲ್‌ಬ್ರೂಕ್ ವರ್ಕಿಂಗ್ 1960ರಲ್ಲೇ ತೋರಿಸಿದ್ದರು. ಇದು ಗೊತ್ತಿಲ್ಲದವರಿಗೆ ಇಲ್ಲದ ಮುನ್ಸೂಚನೆ ಕಾಣಿಸುತ್ತದೆ. ಎರಡನ್ನೂ ತಿಂಗಳ ಕೊನೆಯ ದಿನಕ್ಕೇ ತನ್ನಿ.

ಫ್ಯೂಚರ್ಸ್ ಸರಣಿ ಹೊಲಿಯುವಾಗ ಕಂಟ್ರಾಕ್ಟ್ ಬದಲಾಗುವ ದಿನ ನೋಡಿ. ಮುಗಿಯುವ ಕಂಟ್ರಾಕ್ಟ್ 25, ಮುಂದಿನದು 28 ಡಾಲರ್ ಇದ್ದು ಹಾಗೇ ಅಂಟಿಸಿದರೆ ಯಾರೂ ಗಳಿಸದ ಶೇ 12ರ ಏರಿಕೆ ಪುಸ್ತಕ ಸೇರುತ್ತದೆ. ಪ್ರತಿ ದಿನದ ಬದಲಾವಣೆಯನ್ನು ಒಂದೇ ಕಂಟ್ರಾಕ್ಟ್‌ನೊಳಗೆ ಲೆಕ್ಕ ಹಾಕಿ, ಅವಧಿ ಮುಗಿಯುವ ಒಂದು ವಾರ ಮೊದಲೇ ಮುಂದಿನದಕ್ಕೆ ದಾಟಬೇಕು. ದಾಟದಿದ್ದರೆ ಏನಾಗುತ್ತದೆ ಎಂಬುದಕ್ಕೆ 2020ರ ಏಪ್ರಿಲ್ 20 ಇದೆ. ಮರುದಿನ ಮುಗಿಯಬೇಕಿದ್ದ ಡಬ್ಲ್ಯುಟಿಐ ಮೇ ಕಂಟ್ರಾಕ್ಟ್ ಸೊನ್ನೆಗಿಂತ ಕೆಳಗೆ, ಮೈನಸ್ 37.63 ಡಾಲರ್‌ನಲ್ಲಿ ನಿಂತಿತು. ಓಕ್ಲಹೋಮದ ಕುಶಿಂಗ್‌ನಲ್ಲಿ ತೈಲ ತುಂಬಿಸಿಕೊಳ್ಳಲು ಟ್ಯಾಂಕ್ ಸಿಗದವರು ಹಣ ಕೊಟ್ಟು ಕಂಟ್ರಾಕ್ಟ್ ಕಳಚಿಕೊಂಡರು. ಅದೇ ದಿನ ಜೂನ್ ಕಂಟ್ರಾಕ್ಟ್ 20 ಡಾಲರ್ ಮೇಲಿತ್ತು, ಬ್ರೆಂಟ್ 25ರ ಮೇಲೆ. ಋಣ ಸಂಖ್ಯೆಗೆ ಲಾಗ್ ಇಲ್ಲ. ಪ್ರೋಗ್ರಾಂ ಆ ಸಾಲನ್ನು ಸದ್ದಿಲ್ಲದೆ ಬಿಟ್ಟು ಮುಂದೆ ಹೋಗುತ್ತದೆ.

ಗಡಿಯಾರವನ್ನೂ ಸರಿ ಹೊಂದಿಸಬೇಕು. ಡಬ್ಲ್ಯುಟಿಐ ದಿನದ ಬೆಲೆ ನಿಗದಿಯಾಗುವುದು ನ್ಯೂಯಾರ್ಕ್ ಸಮಯ ಮಧ್ಯಾಹ್ನ 2.30ಕ್ಕೆ, ಷೇರುಪೇಟೆ ಮುಚ್ಚುವುದು 4ಕ್ಕೆ. ನಡುವಿನ ಒಂದೂವರೆ ಗಂಟೆಯ ಸುದ್ದಿ ಷೇರಿನಲ್ಲಿ ಇಂದೇ, ತೈಲದಲ್ಲಿ ನಾಳೆ ಕಾಣುತ್ತದೆ. ಟೋಕಿಯೊ ಆ ಹೊತ್ತಿಗೆ ಎಂದೋ ಮುಚ್ಚಿರುತ್ತದೆ. ಏಷ್ಯಾದ ಸೂಚ್ಯಂಕಗಳಿಗೆ ಹಿಂದಿನ ದಿನದ ತೈಲವನ್ನು ಜೋಡಿಸಬೇಕು.

ರಜಾದಿನದ ಬಲೆಗೆ 2014ರ ನವೆಂಬರ್ 27ಕ್ಕಿಂತ ಒಳ್ಳೆಯ ಉದಾಹರಣೆ ಸಿಗಲಾರದು. ಅಂದು ವಿಯೆನ್ನಾದಲ್ಲಿ ಒಪೆಕ್ ಉತ್ಪಾದನೆ ಕಡಿತ ಮಾಡುವುದಿಲ್ಲ ಎಂದಿತು, ಬ್ರೆಂಟ್ ಶೇ 6ಕ್ಕೂ ಹೆಚ್ಚು ಬಿತ್ತು. ಅಮೆರಿಕದಲ್ಲಿ ಥ್ಯಾಂಕ್ಸ್‌ಗಿವಿಂಗ್ ರಜೆ, ಷೇರುಪೇಟೆ ಮುಚ್ಚಿತ್ತು. ದಿನಾಂಕಕ್ಕೆ ದಿನಾಂಕ ಜೋಡಿಸುವ ಪ್ರೋಗ್ರಾಂಗೆ ಆ ದಿನವೇ ಇಲ್ಲ. ಮರುದಿನ ಮಧ್ಯಾಹ್ನ 1ರವರೆಗಷ್ಟೇ ನಡೆದ ವಹಿವಾಟಿನಲ್ಲಿ ತೈಲ ಕಂಪನಿಗಳು ಬಿದ್ದವು, ವಿಮಾನಯಾನ ಕಂಪನಿಗಳು ಏರಿದವು, ಡಬ್ಲ್ಯುಟಿಐ ಎರಡೂ ದಿನಗಳ ಸುದ್ದಿಯನ್ನು ಒಟ್ಟಿಗೆ ಹೊತ್ತು ಶೇ 10ರಷ್ಟು ಇಳಿಯಿತು. ಒಪೆಕ್ ಪ್ರಕಟಣೆಗಳ ಸುತ್ತ ಫ್ಯೂಚರ್ಸ್ ಬೆಲೆ ಎಷ್ಟು ಕದಲಿತು ಎಂಬುದರಿಂದಲೇ ಅನಿರೀಕ್ಷಿತ ಭಾಗವನ್ನು ಅಳೆಯುವ ವಿಧಾನವನ್ನು ಡಿಯಾಗೊ ಕೆನ್‌ಜಿಗ್ 2021ರಲ್ಲಿ ಪ್ರಕಟಿಸಿದರು. ಈ ಕೆಲಸಕ್ಕೆ ಈಗಿರುವ ಉಪಕರಣಗಳಲ್ಲಿ ನನಗೆ ಹೆಚ್ಚು ನಂಬಿಕೆ ಅದರ ಮೇಲೆ. ಅದನ್ನು 2014ರ ಆ ನವೆಂಬರ್‌ಗೆ ಹಚ್ಚುವವರು ತೈಲದ ಬದಲಾವಣೆಯನ್ನು 26ರ ಸಂಜೆಯಿಂದ 28ರ ಮಧ್ಯಾಹ್ನದವರೆಗೆ ಒಂದೇ ತುಂಡಾಗಿ ಹಿಡಿದು, ಷೇರಿನ ಪ್ರತಿಫಲವನ್ನೂ 26ರ ಮುಕ್ತಾಯದಿಂದ 28ರ ಮುಕ್ತಾಯದವರೆಗೆ ಅಳೆಯಬೇಕು.